ಐದನೆಯ ಇಂಗಾಲದ ರುಚಿ

ಲಕ್ಷದ್ವೀಪದ ಮಾಸ್‌ಮೀನ್ ಕರಾವಳಿಯ ಹಳಬರಿಗೆ ಅಪರಿಚಿತವೇನಲ್ಲ. ಅಮಿನಿದಿವಿ ದ್ವೀಪಗಳು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನ ಸರಕು ಮಂಗಳೂರಿನ ಹಳೆ ಬಂದರಿನಲ್ಲಿ ಇಳಿಯುತ್ತಿತ್ತು. ಸ್ಕಿಪ್‌ಜಾಕ್ ಎಂಬ ಟ್ಯೂನಾ ಜಾತಿಯ ಮೀನನ್ನು ಬೇಯಿಸಿ, ಹೊಗೆ ಹಾಕಿ, ಬಿಸಿಲಿಗಿಟ್ಟು ಒಣಗಿಸಿದರೆ ಮಾಸ್‌ಮೀನ್. ಇದೇ ಮೀನನ್ನು ಜಪಾನಿನವರು ಇನ್ನೊಂದು ಹಂತ ಮುಂದಕ್ಕೆ ಒಯ್ಯುತ್ತಾರೆ. ಹೊಗೆಯಲ್ಲಿ ಒಣಗಿದ ತುಂಡಿನ ಮೇಲೆ ಬೇಕೆಂದೇ ಬೂಷ್ಟು ಬೆಳೆಸಿ, ಬಿಸಿಲಿಗಿಟ್ಟು, ಮತ್ತೆ ಬೂಷ್ಟು ಹಿಡಿಸಿ ತಿಂಗಳುಗಟ್ಟಲೆ ಹದ ಮಾಡುತ್ತಾರೆ. ಕೊನೆಗೆ ಅದು ಎಷ್ಟು ಗಟ್ಟಿಯಾಗುತ್ತದೆಂದರೆ, ಉಜ್ಜುಗೊರಡು ಅಳವಡಿಸಿದ ಪೆಟ್ಟಿಗೆಯ ಮೇಲೆ ಹೆರೆದೇ ಬಳಸಬೇಕು. ಇದರ ಹೆಸರು ಕತ್ಸುಒಬುಶಿ. ಜಪಾನಿ ಅಡುಗೆಯ ತಿಳಿಸಾರಿಗೆ ಇದೂ ಕೊಂಬು ಎಂಬ ಕಡಲಪಾಚಿಯೂ ಆಧಾರ.

ಈ ತಿಳಿಸಾರಿನ ರುಚಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಅಕಿರಾ ಕುನಿನಾಕಾ ಒಬ್ಬರು. ಸೋಯಾ ಸಾಸ್ ತಯಾರಿಸುವ ಕಂಪನಿಯೊಂದರ ಜೀವರಸಾಯನ ವಿಜ್ಞಾನಿ. ಅವರ ಹೆಸರು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಅವರ ಕೆಲಸದ ಫಲವನ್ನು ಮಾತ್ರ ನಮ್ಮಲ್ಲಿ ಬಹಳಷ್ಟು ಮಂದಿ ಸವಿದಿದ್ದೇವೆ.

ಗುರು–ಶಿಷ್ಯರು ಬಿಟ್ಟುಹೋದ ಎಳೆ

1908ರಲ್ಲಿ ಟೋಕಿಯೊದ ಪ್ರಾಧ್ಯಾಪಕ ಕಿಕುನಾಯೆ ಇಕೆಡಾ ಕೊಂಬು ಪಾಚಿಯ ಸಾರದಿಂದ ಗ್ಲುಟಮೇಟನ್ನು ಬೇರ್ಪಡಿಸಿ, ಅದರ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಮರುವರ್ಷವೇ ಅದು ಅಜಿನೊಮೊಟೊ ಎಂಬ ಹೆಸರಿನಲ್ಲಿ ಅಂಗಡಿಗೆ ಬಂತು. 1913ರಲ್ಲಿ ಇಕೆಡಾ ಅವರ ಶಿಷ್ಯ ಶಿಂತಾರೊ ಕೊಡಾಮಾ ಕತ್ಸುಒಬುಶಿಯನ್ನು ಪರೀಕ್ಷಿಸಿ, ಅದರ ರುಚಿಗೆ ಕಾರಣ ಇನೊಸಿನಿಕ್ ಆಮ್ಲದ ಲವಣ ಎಂದು ತೋರಿಸಿದರು. ಈ ಆಮ್ಲ ಹೊಸದಲ್ಲ; ಜರ್ಮನಿಯ ಲೀಬಿಗ್ 1847ರಲ್ಲೇ ಮಾಂಸದ ಸಾರದಲ್ಲಿ ಅದನ್ನು ಕಂಡಿದ್ದರು. ಅದಕ್ಕೆ ರುಚಿಯ ಸಂಬಂಧ ಕಲ್ಪಿಸಿದವರು ಕೊಡಾಮಾ.

ಗ್ಲುಟಮೇಟ್ ಉದ್ಯಮವಾಗಿ ಬೆಳೆಯಿತು, ಇನೊಸಿನೇಟ್ ಬೆಳೆಯಲಿಲ್ಲ. ಗ್ಲುಟಮೇಟನ್ನು ಗೋಧಿಯ ಪ್ರೋಟೀನನ್ನು ಆಮ್ಲದಲ್ಲಿ ಕುದಿಸಿ ತೆಗೆಯಬಹುದಿತ್ತು. ಇನೊಸಿನೇಟ್ ಬೇಕೆಂದರೆ ಮೀನನ್ನೋ ಮಾಂಸವನ್ನೋ ಹಿಂಡಬೇಕು, ಅದರ ಖರ್ಚು ಗಿಟ್ಟದು. ಹೀಗಾಗಿ ಕೊಡಾಮಾ ಹಿಡಿದ ಎಳೆ ನಾಲ್ಕು ದಶಕ ಹಾಗೇ ಉಳಿಯಿತು.

ಅದನ್ನು ಮತ್ತೆ ಕೈಗೆತ್ತಿಕೊಂಡದ್ದು ಯಮಾಸಾ ಕಂಪನಿಯ ಕುನಿನಾಕಾ. ತೋನೆ ನದಿ ಕಡಲು ಸೇರುವ ಚೋಶಿ ಪಟ್ಟಣದಲ್ಲಿ 1645ರಿಂದ ಸೋಯಾ ಸಾಸ್ ಮಾಡುತ್ತಿರುವ ಮನೆತನದ ಕಂಪನಿ ಅದು. ಬೇಯಿಸಿದ ಸೋಯಾ ಮತ್ತು ಹುರಿದ ಗೋಧಿಗೆ ಕೋಜಿ ಬೂಷ್ಟು ಹಿಡಿಸಿ, ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಹುದುಗಿಸುವುದು ಅಲ್ಲಿನ ನಿತ್ಯದ ಕಸುಬು. ಕುನಿನಾಕಾ ಅವರಿಗೆ ಮಾರ್ಗದರ್ಶಕರಾಗಿ ಒದಗಿದವರು ಟೋಕಿಯೊ ವಿಶ್ವವಿದ್ಯಾಲಯದ ಕಿನಿಚಿರೊ ಸಕಾಗುಚಿ. ಕೋಜಿ ಮತ್ತು ಹುದುಗುವಿಕೆಯ ವಿಜ್ಞಾನದಲ್ಲಿ ಜಪಾನಿನ ದೊಡ್ಡ ಹೆಸರು.

ಫಾಸ್ಫೇಟ್ ಕೂತ ಜಾಗ

ಇನೊಸಿನೇಟ್ ಒಂದು ನ್ಯೂಕ್ಲಿಯೋಟೈಡ್. ಪ್ರತಿ ನ್ಯೂಕ್ಲಿಯೋಟೈಡಿನಲ್ಲೂ ಮೂರು ಭಾಗ: ಒಂದು ಬೇಸ್, ಒಂದು ಸಕ್ಕರೆ, ಒಂದು ಫಾಸ್ಫೇಟ್. ಇಂಥವು ಸಾವಿರಾರು ಸಾಲಾಗಿ ಬೆಸೆದುಕೊಂಡರೆ ಆರ್‌ಎನ್‌ಎ. ಯೀಸ್ಟಿನಲ್ಲಿ ಆರ್‌ಎನ್‌ಎ ಧಾರಾಳವಾಗಿದೆ, ಯೀಸ್ಟ್ ಅಗ್ಗ. ಹಾಗಾದರೆ ಮೀನಿನ ಗೊಡವೆ ಯಾಕೆ, ಯೀಸ್ಟಿನ ಆರ್‌ಎನ್‌ಎಯನ್ನೇ ಒಡೆದರಾಯಿತಲ್ಲ?

ಆಗಲಿಲ್ಲ. ಆರ್‌ಎನ್‌ಎಯನ್ನು ಕ್ಷಾರದಲ್ಲಿ ಇಟ್ಟರೂ ಒಡೆಯುತ್ತದೆ, ಹಸುವಿನ ಮೇದೋಜೀರಕದ ಕಿಣ್ವದಿಂದಲೂ ಒಡೆಯುತ್ತದೆ. ಸಿಕ್ಕಿದ ಚೂರುಗಳನ್ನು ನಾಲಿಗೆಗೆ ಹಚ್ಚಿದರೆ ಮಾತ್ರ ಸಪ್ಪೆ. ಕಾರಣ ಸಕ್ಕರೆಯಲ್ಲಿತ್ತು. ರೈಬೋಸ್ ಎಂಬ ಆ ಸಕ್ಕರೆಯಲ್ಲಿ ಐದು ಇಂಗಾಲಗಳಿವೆ. ಸರಪಳಿಯಲ್ಲಿ ಪ್ರತಿ ಫಾಸ್ಫೇಟೂ ಒಂದು ಸಕ್ಕರೆಯ ಮೂರನೆಯ ಇಂಗಾಲಕ್ಕೂ ಮುಂದಿನ ಸಕ್ಕರೆಯ ಐದನೆಯ ಇಂಗಾಲಕ್ಕೂ ನಡುವೆ ಕೂತಿರುತ್ತದೆ. ಕೊಂಡಿಯನ್ನು ಒಂದು ಕಡೆ ಕತ್ತರಿಸಿದರೆ ಫಾಸ್ಫೇಟ್ ಮೂರನೆಯದರಲ್ಲಿ ಉಳಿಯುತ್ತದೆ, ಇನ್ನೊಂದು ಕಡೆ ಕತ್ತರಿಸಿದರೆ ಐದನೆಯದರಲ್ಲಿ. ಕ್ಷಾರ ಕತ್ತರಿಸಿದಾಗ ಅದು ಎರಡನೆಯ ಅಥವಾ ಮೂರನೆಯ ಇಂಗಾಲಕ್ಕೆ ಅಂಟುತ್ತದೆ. ಐದನೆಯದರಲ್ಲಿ ಇದ್ದರೆ ಮಾತ್ರ ನಾಲಿಗೆಗೆ ರುಚಿ ಎಂದು ಕುನಿನಾಕಾ ಖಚಿತಪಡಿಸಿದರು. ಬೇಸ್ ಕೂಡ ಪ್ಯೂರಿನ್ ಗುಂಪಿನದಾಗಿರಬೇಕು, ಅದರ ಆರನೆಯ ಸ್ಥಾನದಲ್ಲಿ ಆಮ್ಲಜನಕ ಇರಬೇಕು.

ಈ ಲೆಕ್ಕಕ್ಕೆ ಇನೊಸಿನೇಟ್ ಹೊಂದುತ್ತದೆ. ಅದರ ಜೊತೆಗೆ ಯಾರೂ ರುಚಿಯ ಪಟ್ಟಿಗೆ ಸೇರಿಸಿರದ ಗ್ವಾನಿಲೇಟ್ ಕೂಡ ಹೊಂದುತ್ತದೆ. 1957ರಲ್ಲಿ ಗ್ವಾನಿಲೇಟಿನ ರುಚಿಯನ್ನು ಗುರುತಿಸಿದ್ದು ಅವರ ಹೆಗ್ಗಳಿಕೆ. ಒಣಗಿದ ಶೀಟಾಕೆ ಅಣಬೆಯ ರುಚಿಯ ಗುಟ್ಟೂ ಇದೇ. ಒಣ ಅಣಬೆಯನ್ನು ನೆನೆಸಿ ಬಿಸಿ ಮಾಡುವಾಗ, ಸುಮಾರು 60–70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರದೇ ಕಿಣ್ವ ಅದರದೇ ಆರ್‌ಎನ್‌ಎಯನ್ನು ಒಡೆದು ಗ್ವಾನಿಲೇಟ್ ಕೊಡುತ್ತದೆ.

ಹಾವಿನ ವಿಷದ ಬದಲು ಬೂಷ್ಟು

ಐದನೆಯ ಇಂಗಾಲದಲ್ಲಿ ಫಾಸ್ಫೇಟ್ ಉಳಿಯುವಂತೆ ಕತ್ತರಿಸುವ ಕಿಣ್ವವೊಂದು ವಿಜ್ಞಾನಿಗಳಿಗೆ ಆಗಲೇ ಗೊತ್ತಿತ್ತು. ಅದು ಇದ್ದದ್ದು ಹಾವಿನ ವಿಷದಲ್ಲಿ. ಪ್ರಯೋಗಾಲಯಕ್ಕೆ ಸರಿ, ಆದರೆ ಹಾವಿನ ವಿಷ ನಂಬಿ ಯಾರೂ ಕಾರ್ಖಾನೆ ತೆರೆಯಲಾರರು. ಅದೇ ಕೆಲಸ ಮಾಡುವ ಸೂಕ್ಷ್ಮಜೀವಿಯನ್ನು ಹುಡುಕಲು ಕುನಿನಾಕಾ ಹೊರಟರು. ಪೆನಿಸಿಲಿಯಮ್ ಸಿಟ್ರಿನಮ್ ಎಂಬ ಹಸಿರು ಬೂಷ್ಟಿನಲ್ಲಿ ಅದು ಸಿಕ್ಕಿತು.

ಸಿಕ್ಕಿದರೂ ಒಂದು ತೊಡಕು ಉಳಿದಿತ್ತು. ಬೂಷ್ಟು ಒಂದೇ ಕಿಣ್ವ ಸುರಿಸುವುದಿಲ್ಲ. ಸರಪಳಿ ಕತ್ತರಿಸುವ ಕಿಣ್ವದ ಜೊತೆ ಫಾಸ್ಫೇಟನ್ನೇ ಕಿತ್ತೆಸೆಯುವ ಕಿಣ್ವವೂ ಬರುತ್ತದೆ. ಒಂದು ರುಚಿ ಕಟ್ಟಿಕೊಟ್ಟರೆ ಇನ್ನೊಂದು ಕೆಡಿಸುತ್ತದೆ. ಇಲ್ಲಿ ಕೈ ಹಿಡಿದದ್ದು ಶಾಖ. ಬೇಕಾದ ಕಿಣ್ವ 70 ಡಿಗ್ರಿಯಲ್ಲೂ ಚುರುಕಾಗಿ ಕೆಲಸ ಮಾಡುತ್ತದೆ, ಬೇಡದ್ದು ಅಷ್ಟು ಬಿಸಿಗೆ ಸೋತು ಸುಮ್ಮನಾಗುತ್ತದೆ. ಹಾಗಾಗಿ ಆರ್‌ಎನ್‌ಎ ದ್ರಾವಣವನ್ನು ಬಿಸಿಯಾಗಿಟ್ಟೇ ಕಿಣ್ವ ಬೆರೆಸಿದರೆ ಕೆಲಸ ಸುಸೂತ್ರ. ಈ ಕಿಣ್ವಕ್ಕೆ ನ್ಯೂಕ್ಲಿಯೇಸ್ ಪಿ1 ಎಂದು ಹೆಸರಾಯಿತು. ಮೂರು ಸತುವಿನ ಪರಮಾಣುಗಳನ್ನು ಒಡಲಲ್ಲಿಟ್ಟುಕೊಂಡ ಪ್ರೋಟೀನ್ ಅದು.

ಆರ್‌ಎನ್‌ಎ ಒಡೆದರೆ ನಾಲ್ಕು ಬಗೆ ಸಿಗುತ್ತವೆ. ಗ್ವಾನಿಲೇಟ್ ನೇರವಾಗಿ ರುಚಿಗೆ ಒದಗುತ್ತದೆ. ಅಡೆನಿಲೇಟಿಗೆ ಇನ್ನೊಂದು ಬೂಷ್ಟಿನ ಕಿಣ್ವ ಹಾಕಿದರೆ ಅದರ ಅಮೈನೊ ಗುಂಪು ಕಳಚಿ, ಆ ಜಾಗಕ್ಕೆ ಆಮ್ಲಜನಕ ಬಂದು ಇನೊಸಿನೇಟ್ ಆಗುತ್ತದೆ. ಮೀನು ಸತ್ತ ಮೇಲೆ ಅದರ ಸ್ನಾಯುವಿನಲ್ಲಿ ನಡೆಯುವುದೂ ಇದೇ. ಜೀವಕ್ಕೆ ಶಕ್ತಿ ಕೊಡುತ್ತಿದ್ದ ಎಟಿಪಿ ಒಂದೊಂದೇ ಫಾಸ್ಫೇಟ್ ಕಳೆದುಕೊಂಡು ಅಡೆನಿಲೇಟ್ ಆಗಿ, ಅಲ್ಲಿಂದ ಇನೊಸಿನೇಟ್ ಆಗುತ್ತದೆ. ಮುಂದೆ ಅದೂ ಒಡೆದು ಹೈಪೊಕ್ಸಾಂಥೀನ್ ಆದರೆ ಕಹಿ. ಮೀನು ಎಷ್ಟು ತಾಜಾ ಎಂದು ಅಳೆಯಲು ಜಪಾನಿನಲ್ಲಿ ಬಳಸುವ ಕೆ ಮೌಲ್ಯ ನಿಂತಿರುವುದು ಈ ಇಳಿತದ ಮೇಲೆಯೇ.

ಒಂದಕ್ಕೊಂದು ಸೇರಿದರೆ

ಕುನಿನಾಕಾ ಅವರ ಇನ್ನೊಂದು ಶೋಧ ಉದ್ಯಮದ ಲೆಕ್ಕಾಚಾರವನ್ನೇ ತಿರುಗಿಸಿತು. ಗ್ಲುಟಮೇಟ್ ಮತ್ತು ನ್ಯೂಕ್ಲಿಯೋಟೈಡ್ ಜೊತೆಯಾದರೆ ರುಚಿ ಬರೀ ಕೂಡುವುದಿಲ್ಲ, ಹಲವು ಪಟ್ಟಾಗುತ್ತದೆ. ಗ್ಲುಟಮೇಟಿಗೆ ಸಮನಾಗಿ ಇನೊಸಿನೇಟ್ ಬೆರೆಸಿದರೆ ಅದೇ ತೂಕದ ಬರೀ ಗ್ಲುಟಮೇಟಿಗಿಂತ ಏಳೆಂಟು ಪಟ್ಟು, ಗ್ವಾನಿಲೇಟ್ ಬೆರೆಸಿದರೆ ಸುಮಾರು ಮೂವತ್ತು ಪಟ್ಟು ರುಚಿ ಎಂದು ನಂತರದ ಅಳತೆಗಳು ತೋರಿಸಿದವು. ಕೊಂಬು ಪಾಚಿ, ಕತ್ಸುಒಬುಶಿ ಎರಡನ್ನೂ ಒಂದೇ ಪಾತ್ರೆಗೆ ಹಾಕುತ್ತಿದ್ದ ಜಪಾನಿ ಅಡುಗೆಯವರು ಇದನ್ನು ಶತಮಾನಗಳಿಂದ ಕೈಯಲ್ಲೇ ಬಲ್ಲರು.

ಇದು ಹೇಗೆಂಬುದಕ್ಕೆ ಉತ್ತರ ಸಿಕ್ಕಿದ್ದು ಈ ಶತಮಾನದಲ್ಲಿ. 2002ರಲ್ಲಿ ನಾಲಿಗೆಯ ಉಮಾಮಿ ಗ್ರಾಹಕ ಪ್ರೋಟೀನುಗಳನ್ನು ಗುರುತಿಸಲಾಯಿತು. ಈ ಗ್ರಾಹಕ ಮರುವಾಯಿ ಚಿಪ್ಪಿನಂತೆ ತೆರೆದು ಮುಚ್ಚುತ್ತದೆ. ಗ್ಲುಟಮೇಟ್ ಒಳಗೆ ಕೂತಾಗ ಅದು ಮುಚ್ಚಿಕೊಳ್ಳುತ್ತದೆ, ನ್ಯೂಕ್ಲಿಯೋಟೈಡ್ ಬಾಯಿಯ ಬಳಿ ಕೂತು ಬೇಗ ತೆರೆಯದಂತೆ ತಡೆಯುತ್ತದೆ ಎಂದು 2008ರ ಅಧ್ಯಯನ ತಿಳಿಸಿತು.

ಬ್ಯಾಕ್ಟೀರಿಯಾ ಬಾಗಿಲು ತೆರೆದಾಗ

1961ರಲ್ಲಿ ರುಚಿಯ ನ್ಯೂಕ್ಲಿಯೋಟೈಡುಗಳ ಉದ್ಯಮ ಜಪಾನಿನಲ್ಲಿ ಆರಂಭವಾಯಿತು. ತಕೇಡಾ ಕಂಪನಿ ಸ್ಟ್ರೆಪ್ಟೊಮೈಸಿಸ್ ಸೂಕ್ಷ್ಮಜೀವಿಯ ಕಿಣ್ವದಿಂದ ಇದೇ ದಾರಿ ಹಿಡಿಯಿತು. ಆರ್‌ಎನ್‌ಎ ಒಡೆಯುವುದನ್ನು ಬಿಟ್ಟು, ಬ್ಯಾಕ್ಟೀರಿಯಾಗಳಿಂದಲೇ ನೇರವಾಗಿ ಮಾಡಿಸುವ ದಾರಿಯನ್ನೂ ಬೇರೆಯವರು ಹುಡುಕಿದರು.

ಬ್ಯಾಕ್ಟೀರಿಯಾ ತನಗೆ ಬೇಕಾದಷ್ಟೇ ಪ್ಯೂರಿನ್ ತಯಾರಿಸುತ್ತದೆ. ಸಾಕಾದ ಕೂಡಲೇ ಸಿದ್ಧವಸ್ತುವೇ ಮೊದಲ ಕಿಣ್ವವನ್ನು ತಡೆದು ಕೆಲಸ ನಿಲ್ಲಿಸುತ್ತದೆ. ಇನೊಸಿನೇಟನ್ನು ಅಡೆನಿಲೇಟ್ ಮಾಡುವ ಕಿಣ್ವ ಇಲ್ಲದ ರೂಪಾಂತರಿ ತಳಿಗಳನ್ನು ಆರಿಸಿ, ಅಡೆನಿನ್ ಅನ್ನು ಲೆಕ್ಕ ಹಾಕಿ ಉಣಿಸಿದರೆ ಈ ತಡೆ ಬೀಳದು. ಇನೊಸಿನೇಟ್ ಒಳಗೇ ರಾಶಿಯಾಗುತ್ತದೆ. ಹೊರಗೆ ಬರಿಸುವುದು ಹೇಗೆ? ಕ್ಯೋವಾ ಹಕ್ಕೊ ಕಂಪನಿಯವರ ಬ್ಯಾಕ್ಟೀರಿಯಾದಲ್ಲಿ ಉತ್ತರ ಮ್ಯಾಂಗನೀಸಿನಲ್ಲಿತ್ತು. ಆ ಲೋಹ ತೀರ ಕಡಿಮೆಯಾದಾಗ ಕೋಶದ ಪೊರೆ ಬದಲಾಗಿ ಇನೊಸಿನೇಟ್ ಹೊರಗೆ ಹರಿಯಿತು. ಇಂಥ ಹುದುಗುವಿಕೆ ಇಂದಿನ ಉತ್ಪಾದನೆಯ ಮುಖ್ಯ ದಾರಿಗಳಲ್ಲೊಂದು.

ರುಚಿಯಿಲ್ಲದೆ ಉಳಿದ ಎರಡು ನ್ಯೂಕ್ಲಿಯೋಟೈಡುಗಳೂ ವ್ಯರ್ಥವಾಗಲಿಲ್ಲ. ಸಿಟಿಡೈಲೇಟಿನಿಂದ ಸಿಟಿಕೊಲಿನ್ ಔಷಧ ಮಾಡುತ್ತಾರೆ. ಯುರಿಡೈಲೇಟನ್ನು ಮಕ್ಕಳ ಹಾಲಿನಪುಡಿಗೆ ಸೇರಿಸುತ್ತಾರೆ. ಯಮಾಸಾ ಕಂಪನಿ ನ್ಯೂಕ್ಲಿಯಿಕ್ ಆಮ್ಲದ ರಸಾಯನವನ್ನೇ ಇನ್ನೊಂದು ಕಸುಬಾಗಿ ಬೆಳೆಸಿತು. ಎಂಆರ್‌ಎನ್‌ಎ ಲಸಿಕೆಗಳ ಕಚ್ಚಾವಸ್ತುವಾದ ಸ್ಯೂಡೊಯುರಿಡಿನ್ ಅನ್ನೂ ಅದು ತಯಾರಿಸುತ್ತದೆ. ನ್ಯೂಕ್ಲಿಯೇಸ್ ಪಿ1 ಇವತ್ತಿಗೂ ಡಿಎನ್‌ಎ, ಆರ್‌ಎನ್‌ಎ ಬಿಡಿಸಿ ನೋಡುವ ಪ್ರಯೋಗಾಲಯಗಳ ಕಪಾಟಿನಲ್ಲಿದೆ.

ಪ್ಯಾಕೆಟ್ಟಿನ ಸಂಖ್ಯೆಗಳು

ನಮ್ಮ ಊರಿನ ಅಂಗಡಿಯಲ್ಲಿ ಸಿಗುವ ಅನೇಕ ಚಿಪ್ಸ್, ನೂಡಲ್ಸ್ ಪ್ಯಾಕೆಟ್ಟುಗಳ ಹಿಂದೆ 627, 631, 635 ಎಂಬ ಸಂಖ್ಯೆಗಳಿರುತ್ತವೆ. 627 ಗ್ವಾನಿಲೇಟ್, 631 ಇನೊಸಿನೇಟ್, 635 ಎರಡರ ಮಿಶ್ರಣ. 631 ಅಂದರೆ ಹಂದಿಯ ಕೊಬ್ಬು ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ವರ್ಷಗಳಿಂದ ಓಡಾಡುತ್ತಿದೆ. ಅದು ಸುಳ್ಳು. ಇನೊಸಿನೇಟ್ ಕೊಬ್ಬೇ ಅಲ್ಲ. ಮೀನು, ಮಾಂಸದಿಂದಲೂ ಅದನ್ನು ತೆಗೆಯಬಹುದು ನಿಜ. ಸಸ್ಯಾಹಾರಿಗಳು ಸಂಖ್ಯೆಗೆ ಹೆದರುವ ಬದಲು ಪ್ಯಾಕೆಟ್ಟಿನ ಹಸಿರು ಗುರುತು ನೋಡಿದರೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಜಂಟಿ ತಜ್ಞ ಸಮಿತಿ ಇವುಗಳಿಗೆ ದಿನದ ಮಿತಿಯನ್ನು ಗೊತ್ತುಪಡಿಸುವ ಅಗತ್ಯ ಕಂಡಿಲ್ಲ. ಆದರೂ ಇವು ಪ್ಯೂರಿನ್‌ಗಳು, ದೇಹದಲ್ಲಿ ಯೂರಿಕ್ ಆಮ್ಲವಾಗುತ್ತವೆ. ಗೌಟ್ ಇರುವವರು ವೈದ್ಯರನ್ನು ಕೇಳಿ ತಿನ್ನುವುದು ಒಳ್ಳೆಯದು. ಉಳಿದವರು ಅದೇ ಪ್ಯಾಕೆಟ್ಟಿನ ಉಪ್ಪು, ಎಣ್ಣೆಯ ಬಗ್ಗೆ ಹೆಚ್ಚು ಎಚ್ಚರ ವಹಿಸಬೇಕು.

ಕುನಿನಾಕಾ ಹೊಸ ರುಚಿಯನ್ನೇನೂ ಸೃಷ್ಟಿಸಲಿಲ್ಲ. ಮೀನು, ಅಣಬೆಗಳಲ್ಲಿ ಮೊದಲೇ ಇದ್ದ ರುಚಿಗೆ ಕಾರಣ ಹುಡುಕಿ, ಅದನ್ನು ಬೂಷ್ಟಿನ ಕೈಯಲ್ಲಿ ಮಾಡಿಸಿದರು. ಫಾಸ್ಫೇಟ್ ಮೂರನೆಯ ಇಂಗಾಲದಲ್ಲಿದೆಯೋ ಐದನೆಯದರಲ್ಲೋ ಎಂಬ, ಪಠ್ಯಪುಸ್ತಕದ ಅಡಿಟಿಪ್ಪಣಿಯಂತೆ ಕಾಣುವ ಪ್ರಶ್ನೆಯನ್ನು ಅವರು ಬಿಡದೆ ಹಿಡಿದದ್ದರಿಂದ ಒಂದು ಉದ್ಯಮವೇ ಹುಟ್ಟಿತು. ಮೂಲವಿಜ್ಞಾನದಿಂದ ಏನು ಉಪಯೋಗ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗಲಾರದು.