ಗಡಿನಾಡಿನ ಹೆಸರುಗಳೂ ಗಣಕದ ಹುಡುಕಾಟವೂ

ಸೊಲ್ಲಾಪುರದ ಚಾದರಗಳನ್ನು ಅಂತರ್ಜಾಲದ ಮೂಲಕ ಮಾರುವ ಒಂದು ಅಂಗಡಿ ಇದೆಯೆಂದು ಭಾವಿಸಬಹುದು. ಗ್ರಾಹಕರಲ್ಲಿ ಕೆಲವರು ಹೆಸರನ್ನು ಕನ್ನಡದಲ್ಲಿ ಬರೆಯುತ್ತಾರೆ, ಕೆಲವರು ಮರಾಠಿಯಲ್ಲಿ. ಒಬ್ಬರೇ ಇಂದು ಒಂದು ಲಿಪಿಯಲ್ಲಿ, ನಾಳೆ ಮತ್ತೊಂದರಲ್ಲಿ ಬರೆಯುವುದೂ ಈ ಸೀಮೆಗೆ ಹೊಸತಲ್ಲ. ಇಂಥ ಅಂಗಡಿಗೆ ತಂತ್ರಾಂಶವನ್ನು ರಚಿಸುವವರು, ಈ ಎರಡು ಲಿಪಿಗಳು ಗಣಕದೊಳಗೆ ಹೇಗೆ ನೆಲೆಗೊಂಡಿವೆ ಎಂಬುದನ್ನು ಮೊದಲು ಅರಿಯಬೇಕಾಗುತ್ತದೆ.

ಯುನಿಕೋಡ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಸ್ವರಚಿಹ್ನೆಗೂ ಒಂದು ಸಂಖ್ಯೆಯಿದೆ. ದೇವನಾಗರಿಯ ಕಕಾರದ ಸಂಖ್ಯೆ 2325; ಕನ್ನಡದ್ದು 3221. ಅಂತರ 896. ಎರಡೂ ವರ್ಣಮಾಲೆಗಳನ್ನು ಒಂದೇ ವರಸೆಯಲ್ಲಿ ಜೋಡಿಸಿರುವುದರಿಂದ ಖಕಾರ, ಗಕಾರಗಳಿಗೂ ಇದೇ ಅಂತರ. ಆದುದರಿಂದ ಬರಿಯ ಕೂಡುವಿಕೆಯಿಂದಲೇ ಮರಾಠಿಯ ಹೆಸರನ್ನು ಕನ್ನಡಕ್ಕೆ ತರಬಹುದೆಂಬ ಆಸೆ ಸಹಜವಾಗಿ ಹುಟ್ಟುತ್ತದೆ.

ತೊಡಕು ಇರುವುದು ಇಲ್ಲಿಯೇ. ಹ್ರಸ್ವ ಎಕಾರ, ಒಕಾರಗಳು ಕನ್ನಡಕ್ಕೆ ಪ್ರಾಣ. ಮರಾಠಿಯ ಬರವಣಿಗೆಯಲ್ಲಿ ಅವುಗಳಿಗೆ ಪ್ರತ್ಯೇಕ ಚಿಹ್ನೆಯಿಲ್ಲ. ಪದಾಂತ್ಯದ ಇಕಾರವನ್ನು ದೀರ್ಘವಾಗಿ ಬರೆಯುವುದು ಅಲ್ಲಿನ ಸಾಮಾನ್ಯ ನಿಯಮ. ಹೀಗಾಗಿ ‘ಹೊಸಮನಿ’ ಎಂಬ ಅಡ್ಡಹೆಸರು ಮರಾಠಿಗೆ ಹೋಗಿ, 896ನ್ನು ಕೂಡಿಸಿಕೊಂಡು ಮರಳಿದಾಗ ‘ಹೋಸಮನೀ’ ಆಗಿರುತ್ತದೆ. ಹೊಸ ಮನೆಯ ಅರ್ಥವೇ ಹೋಯಿತು! ಕನ್ನಡದಿಂದ 896ನ್ನು ಕಳೆದರೂ ಫಲವಿಲ್ಲ. ಹ್ರಸ್ವ ಒಕಾರದ ಚಿಹ್ನೆಗೆ ದೇವನಾಗರಿಯಲ್ಲಿ ಸ್ಥಾನವಿದೆಯಾದರೂ ಮರಾಠಿ ಓದುಗರಿಗೆ ಅದು ಅಪರಿಚಿತ.

ಗ್ರಾಹಕರು ಬರೆದ ಹೆಸರನ್ನು ಅವರು ಬರೆದಂತೆಯೇ ಕಾಪಾಡಬೇಕು. ಪೊಟ್ಟಣದ ಮೇಲೆ ಅಚ್ಚಾಗಬೇಕಾದುದು ಅದೇ. ಹುಡುಕಾಟಕ್ಕಾಗಿ ಬೇರೊಂದು ಅಂಕಣವನ್ನಿಟ್ಟು, ಎರಡೂ ಲಿಪಿಗಳನ್ನು ಒಂದಕ್ಕೆ ತಂದು, ಅದರಲ್ಲಿ ಮಾತ್ರ ಹ್ರಸ್ವದೀರ್ಘಗಳ ಭೇದವನ್ನು ಅಳಿಸಬಹುದು. ಆಗ ‘ಹೊಸಮನಿ’ ಎಂದು ಹುಡುಕಿದರೂ ‘ಹೋಸಮನೀ’ ಎಂದು ಹುಡುಕಿದರೂ ಒಬ್ಬರೇ ಸಿಗುತ್ತಾರೆ. ಈ ಅಂಕಣದಲ್ಲಿ ‘ಕೆರೆ’ಯೂ ‘ಕೇರೆ’ಯೂ ಒಂದಾಗುತ್ತವೆ, ನಿಜ. ಆದರೆ ಹುಡುಕಾಟದಲ್ಲಿ ನಾಲ್ಕು ಹೆಸರು ಹೆಚ್ಚು ಬಂದರೆ ಆಯ್ದುಕೊಳ್ಳಲು ಮನುಷ್ಯರಿದ್ದಾರೆ. ಬಾರದ ಹೆಸರನ್ನು ಯಾರೂ ಆಯ್ದುಕೊಳ್ಳಲಾರರು.

ಕನ್ನಡದೊಳಗೇ ಇನ್ನೊಂದು ಸೂಕ್ಷ್ಮವಿದೆ. ‘ಹೊ’ ಎಂಬುದನ್ನು ಹಕಾರ ಮತ್ತು ಒಕಾರದ ಚಿಹ್ನೆ ಎಂದು ಎರಡು ಸಂಖ್ಯೆಗಳಲ್ಲಿ ಸಂಗ್ರಹಿಸಬಹುದು. ಹಕಾರ, ಎಕಾರದ ಚಿಹ್ನೆ, ಊಕಾರದ ಚಿಹ್ನೆ ಎಂದು ಮೂರರಲ್ಲಿಯೂ ಸಂಗ್ರಹಿಸಬಹುದು. ಕಣ್ಣಿಗೆ ಎರಡೂ ಒಂದೇ. ಗಣಕಕ್ಕೆ ಬೇರೆ ಬೇರೆ. ಇದಕ್ಕೆ ಪರಿಹಾರ ಎನ್‌ಎಫ್‌ಸಿ ಎಂಬ ಏಕರೂಪೀಕರಣ. ಪೈಥಾನ್, ಜಾವಾಸ್ಕ್ರಿಪ್ಟ್ ಎರಡರಲ್ಲಿಯೂ ಇದರ ಸೌಲಭ್ಯ ಸಿದ್ಧವಾಗಿಯೇ ಇದೆ. ‘ರಾಜ್‌ಕುಮಾರ’ ಎಂದು ಬಿಡಿಸಿ ಬರೆಯುವಾಗ ನಡುವೆ ಸೇರುವ ಅಗೋಚರ ಚಿಹ್ನೆಯನ್ನು ಮಾತ್ರ ಎನ್‌ಎಫ್‌ಸಿ ತೆಗೆಯುವುದಿಲ್ಲ. ಹುಡುಕಾಟದ ಅಂಕಣದಿಂದ ಅದನ್ನು ಪ್ರತ್ಯೇಕವಾಗಿ ತೆಗೆಯಬೇಕು.

ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರಲೆಂದು ಅರ್ಜಿ ನಮೂನೆಗೆ ಕಾವಲು ಹಾಕುವ ರೂಢಿಯುಂಟು. ಪೈಥಾನಿನ ‘ಈಸ್‌ಆಲ್ಫಾ’ ಪರೀಕ್ಷೆಯಲ್ಲಿ ‘ಬಸವ’ ತೇರ್ಗಡೆಯಾಗುತ್ತಾನೆ, ‘ಹೊಸಮನಿ’ ಅನುತ್ತೀರ್ಣ! ಯುನಿಕೋಡಿನ ವರ್ಗೀಕರಣದಲ್ಲಿ ಸ್ವರಚಿಹ್ನೆಗಳು ಅಕ್ಷರಗಳಲ್ಲ, ಗುರುತುಗಳು. ಅಕ್ಷರ, ಗುರುತು ಎರಡೂ ವರ್ಗಗಳಿಗೆ ಅನುಮತಿ ನೀಡದ ನಮೂನೆಯು ಬಹುಪಾಲು ಕನ್ನಡಿಗರನ್ನು ಬಾಗಿಲಲ್ಲೇ ತಡೆಯುತ್ತದೆ.

ಕಡೆಗೆ ವೆಚ್ಚದ ಮಾತು. ಇಂಗ್ಲಿಷಿನ ಒಂದು ಎಸ್‌ಎಂಎಸ್ಸಿನಲ್ಲಿ 160 ಅಕ್ಷರಗಳು ಹಿಡಿದರೆ, ಯುನಿಕೋಡ್ ಸಂದೇಶದಲ್ಲಿ ಹಿಡಿಯುವುದು 70 ಮಾತ್ರ. ಅಲ್ಲಿ ಗುಣಿತದ ಚಿಹ್ನೆಗಳನ್ನೂ ಎಣಿಸಲಾಗುವುದರಿಂದ ‘ಹೊಸಮನಿ’ ನಾಲ್ಕಲ್ಲ, ಆರು. ಮಾಲು ರವಾನೆಯಾಯಿತೆಂಬ ಸುದ್ದಿಯನ್ನು ಕನ್ನಡದಲ್ಲಿ ಕಳುಹಿಸುವ ವರ್ತಕರು ವಾಕ್ಯವನ್ನು ಮೊಟಕುಗೊಳಿಸಬೇಕೇ ಹೊರತು ಗ್ರಾಹಕರ ಹೆಸರನ್ನಲ್ಲ.