ಉರಿಯೂತವೆಲ್ಲ ಸೋಂಕಲ್ಲ

ಹತ್ತನೇ ತರಗತಿಗೆ ರಕ್ತನಾಳಗಳ ಪಾಠ ಮಾಡುವಾಗ ‘ರೋಗಾಣು ಹೊಕ್ಕಾಗ ಆಗುವುದೇ ಉರಿಯೂತ’ ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಹುಡುಗಿಯೊಬ್ಬಳು ಎದ್ದಳು. “ಮಿಸ್, ನಮ್ಮ ಚಿಕ್ಕಪ್ಪನಿಗೆ ಮಿದುಳಿನ ರಕ್ತನಾಳದಲ್ಲಿ ಉರಿಯೂತ ಅಂದ್ರು. ಆದ್ರೆ ಕೊಟ್ಟಿರೋದು ರೋಗನಿರೋಧಕ ಶಕ್ತಿ ಕಡಿಮೆ ಮಾಡೋ ಮಾತ್ರೆ. ರೋಗಾಣು ಇದ್ರೆ ಹಾಗ್ಯಾಕೆ ಕೊಡ್ತಾರೆ?” ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ, ಬರೆದ ವಾಕ್ಯವೇ ತಪ್ಪಾಗಿತ್ತು. ನಾಳೆ ಹೇಳುತ್ತೇನೆ ಎಂದೆ. ಮರುದಿನ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆದಿದ್ದೇನೆ.

ಉರಿಯೂತ ದೇಹದ ಪ್ರತಿಕ್ರಿಯೆ; ಸೋಂಕು ಅದರ ಕಾರಣಗಳಲ್ಲಿ ಒಂದು ಮಾತ್ರ. ಕೆಲವೊಮ್ಮೆ ರೋಗಾಣು ಇಲ್ಲದೆಯೂ ಬಿಳಿ ರಕ್ತಕಣಗಳು ತಮ್ಮದೇ ದೇಹದ ರಕ್ತನಾಳದ ಗೋಡೆಯ ಮೇಲೆ ಎರಗುತ್ತವೆ. ಗೋಡೆ ಊದಿ ಒಳದಾರಿ ಕಿರಿದಾಗುತ್ತದೆ, ಮುಚ್ಚಲೂಬಹುದು, ಒಡೆಯಲೂಬಹುದು. ಮಿದುಳಿನಲ್ಲಿ ಹೀಗಾದರೆ ವಾರಗಟ್ಟಲೆ ತಲೆನೋವು, ಗೊಂದಲ, ಫಿಟ್ಸ್, ಚಿಕ್ಕ ವಯಸ್ಸಿನಲ್ಲೇ ಪಾರ್ಶ್ವವಾಯು ಬರಬಹುದು. ಇವೆಲ್ಲ ಬೇರೆ ಕಾಯಿಲೆಗಳಲ್ಲೂ ಇರುವುದರಿಂದ ಪತ್ತೆ ಕಷ್ಟ.

ಒಂದೇ ಪರೀಕ್ಷೆ ಇಲ್ಲಿ ಸಾಲದು. ರಕ್ತಪರೀಕ್ಷೆ ಸಹಜವಾಗಿರಬಹುದು. ಎಂಆರ್‌ಐ ಹಾನಿಯನ್ನು ತೋರಿಸುತ್ತದೆ, ಕಾರಣವನ್ನು ಖಚಿತಪಡಿಸುವುದಿಲ್ಲ. ಆಂಜಿಯೋಗ್ರಾಂನಲ್ಲಿ ನಾಳ ಮಣಿಸರದಂತೆ ಕಂಡರೂ ತೀರ್ಮಾನಿಸುವಂತಿಲ್ಲ. ನಾಳಗಳು ತಾತ್ಕಾಲಿಕವಾಗಿ ಸಂಕುಚಿಸುವ ಇನ್ನೊಂದು ಸ್ಥಿತಿಯಲ್ಲೂ ಹಾಗೆಯೇ ಕಾಣುತ್ತದೆ. ಅಲ್ಲಿ ತಲೆನೋವು ಸಿಡಿಲು ಬಡಿದಂತೆ ಒಮ್ಮೆಗೇ ಬರುತ್ತದೆ. ಸಾಮಾನ್ಯವಾಗಿ 3 ತಿಂಗಳೊಳಗೆ ನಾಳಗಳು ಮೊದಲಿನಂತಾಗುತ್ತವೆ. ತೀರಾ ಸಣ್ಣ ನಾಳಗಳ ರೋಗವಂತೂ ಆಂಜಿಯೋಗ್ರಾಂಗೆ ಸಿಗುವುದೇ ಇಲ್ಲ. ಬಯಾಪ್ಸಿ ಹೆಚ್ಚು ಖಚಿತ. ಆದರೆ ರೋಗ ತೇಪೆ ಹಾಕಿದಂತೆ ಅಲ್ಲಲ್ಲಿ ಇರುವುದರಿಂದ ತೆಗೆದ ಚೂರಿನಲ್ಲಿ ಅದು ಇಲ್ಲದಿರಬಹುದು.

ಬೆನ್ನಿನಿಂದ ನೀರು ತೆಗೆಯುವ ಪರೀಕ್ಷೆಗೆ ನಮ್ಮಲ್ಲಿ ಜನ ಹೆದರುತ್ತಾರೆ. ನನಗೆ ಅದೇ ಮುಖ್ಯವೆನಿಸಿತು. ಆ ದ್ರವದಲ್ಲಿ ಬಿಳಿಕಣ, ಪ್ರೋಟೀನ್ ಹೆಚ್ಚಿವೆಯೇ ಎಂದು ನೋಡುವುದರ ಜೊತೆಗೆ ಕ್ಷಯದ ಕುರುಹನ್ನೂ ಹುಡುಕುತ್ತಾರೆ. ಕ್ಷಯ ಮಿದುಳಿನ ಪೊರೆಗೆ ಹರಡಿದರೆ ಮಿದುಳಿನ ತಳಭಾಗದ ಅಪಧಮನಿಗಳೂ ಉರಿಯೂತಕ್ಕೆ ಸಿಲುಕುತ್ತವೆ. ಆಗ ತಿಂಗಳುಗಟ್ಟಲೆ ಕ್ಷಯದ ಔಷಧಿ ಬೇಕೇ ಬೇಕು. ಸ್ಟೀರಾಯ್ಡ್ ಕೊಟ್ಟರೂ ಅದರ ಜೊತೆಗೇ. ಕ್ಷಯವನ್ನು ಗುರುತಿಸದೆ ನಿರೋಧಕ ಶಕ್ತಿಯನ್ನಷ್ಟೇ ತಗ್ಗಿಸಿದರೆ ಜೀವಕ್ಕೇ ಅಪಾಯ. ಹುಡುಗಿಯ ಪ್ರಶ್ನೆಯೂ ವೈದ್ಯರ ಮೊದಲ ಪ್ರಶ್ನೆಯೂ ಒಂದೇ.

ಸೋಂಕಿಲ್ಲ ಎಂದಾದಾಗ ಸಾಮಾನ್ಯವಾಗಿ ಮೀಥೈಲ್‌ಪ್ರೆಡ್ನಿಸೊಲೋನ್ ದಿನಕ್ಕೆ 1 ಗ್ರಾಂನಂತೆ 3ರಿಂದ 5 ದಿನ ರಕ್ತನಾಳದ ಮೂಲಕ ಕೊಟ್ಟು, ನಂತರ ಮಾತ್ರೆಗೆ ಬರುತ್ತಾರೆ. ತೀವ್ರವಾಗಿದ್ದರೆ ಸೈಕ್ಲೋಫಾಸ್ಫಮೈಡ್ 3ರಿಂದ 6 ತಿಂಗಳು. ಆಮೇಲೆ ಅಜಾಥಯೋಪ್ರಿನ್‌ನಂಥ ಸೌಮ್ಯ ಔಷಧಿ. ಸ್ಟೀರಾಯ್ಡನ್ನು ಹಂತಹಂತವಾಗಿಯೇ ಇಳಿಸಬೇಕು. ಹೊರಗಿನಿಂದ ಬರುತ್ತಿರುವಾಗ ಅಡ್ರಿನಲ್ ಗ್ರಂಥಿ ತನ್ನ ಉತ್ಪಾದನೆಯನ್ನು ತಗ್ಗಿಸಿರುತ್ತದೆ. ತಟ್ಟನೆ ನಿಲ್ಲಿಸಿದರೆ ಗ್ರಂಥಿ ಕೂಡಲೇ ಎಚ್ಚೆತ್ತುಕೊಳ್ಳುವುದಿಲ್ಲ. ರೋಗವೂ ಮರುಕಳಿಸಬಹುದು.

ಇಷ್ಟು ಹೇಳುವಾಗ ಆ ಹುಡುಗಿ ಮತ್ತೆ ಕೈ ಎತ್ತಿದಳು. “ಮಿಸ್, ಮುಖ ಊದ್ತು ಅಂತ ಚಿಕ್ಕಪ್ಪ ಮೊನ್ನೆಯಿಂದ ಮಾತ್ರೆ ಬಿಟ್ಟಿದ್ದಾರೆ.” ಮುಂದಿನ ಬೋಧನಾಂಶ ಬಿಟ್ಟು ಮಾರ್ಗದರ್ಶಿ ಶಿಕ್ಷಕರ ಬಳಿ ಹೋದೆ. ಇವತ್ತೇ ವೈದ್ಯರನ್ನು ಕಾಣಬೇಕೆಂದು ಅವರು ಅಲ್ಲಿಂದಲೇ ಅವಳ ತಂದೆಗೆ ಫೋನ್ ಮಾಡಿದರು.