ಪ್ರೆಸ್ಸಿನಡಿಯ ಹಳದಿ ಚೌಕ

ದಾವಣಗೆರೆಯಲ್ಲಿ ನಮ್ಮ ಭಾವನವರ ಪ್ರಿಂಟಿಂಗ್ ಅಂಗಡಿ. ರಾಜ್ಯೋತ್ಸವದ ಆರ್ಡರು, ಬಿಳಿ ಟೀ-ಶರ್ಟಿನ ಎದೆಗೆ ಕರ್ನಾಟಕದ ನಕ್ಷೆ. ನಕ್ಷೆಯೇನೋ ಚೆನ್ನಾಗಿ ಕೂತಿತು, ಸುತ್ತ ಮಾತ್ರ ಟೀ ಚೆಲ್ಲಿ ಒರೆಸಿದ ಹಾಗೆ ತಿಳಿಹಳದಿ. ಎಲ್ಲರೂ ಬೈದದ್ದು ಟ್ರಾನ್ಸ್‌ಫರ್ ಪೇಪರಿಗೆ. ಬೈಯುವುದಕ್ಕೆ ಕಾರಣವೂ ಇತ್ತು: ಅದರ ಮೇಲಿನ ಪ್ಲಾಸ್ಟಿಕ್ ಪದರ ಕಾವಿಗೆ ಹಳದಿಗಟ್ಟುವುದುಂಟು.

ಕೆಲಸದ ಹುಡುಗ ಟೇಪು ಹಿಡಿದು ನೋಡಿದ. "ಅಣ್ಣಾ, ಪೇಪರ್ ಎ-ಫೋರು. ಕಲೆ 15 ಇಂಚು ಐತಿ." ಅದು ಕಾವು ಕೊಟ್ಟು ಒತ್ತುವ ಪ್ರೆಸ್ಸಿನ ತಟ್ಟೆಯ ಅಳತೆ! ಪೇಪರೇ ಇಡದೆ ಬರೀ ಅಂಗಿ ಒತ್ತಿದರು, ಹಳದಿ ಬಂತು. ಟೆಫ್ಲಾನ್ ಹಾಳೆ ಬದಲಿಸಿದರೂ ಬಂತು. ಕಾವು ಜಾಸ್ತಿಯೇ ಅಂದುಕೊಂಡರೆ, ಅದೇ 185 ಡಿಗ್ರಿ, ಅದೇ 30 ಸೆಕೆಂಡಿಗೆ ಹಳೇ ಲಾಟಿನ ಅಂಗಿಗೆ ಏನೂ ಆಗಲಿಲ್ಲ.

ಗಲ್ಲಾಪೆಟ್ಟಿಗೆಯಲ್ಲಿ ಖೋಟಾ ನೋಟು ನೋಡುವ ನೇರಳೆ ಟಾರ್ಚ್ ಇತ್ತು. ದೀಪ ಆರಿಸಿ ಹೊಸ ಅಂಗಿಯ ಮೇಲೆ ಬಿಟ್ಟರೆ ಬಟ್ಟೆಯೆಲ್ಲ ನೀಲಿಯಾಗಿ ಬೆಳಗಿತು, ಒತ್ತಿದ ಚೌಕ ಮಾತ್ರ ಮಂಕು. ಬ್ಲೀಚ್ ಮಾಡಿದ ಹತ್ತಿಯಲ್ಲೂ ಒಂದಿಷ್ಟು ಹಳದಿ ಉಳಿದೇ ಇರುತ್ತದೆ. ಕಣ್ಣಿಗೆ ಕಾಣದ ನೇರಳಾತೀತ ಕಿರಣ ಹೀರಿ ನೀಲಿ ಬೆಳಕು ಬಿಡುವ ರಾಸಾಯನಿಕ ಸೇರಿಸಿ ಅದನ್ನು ಮುಚ್ಚುತ್ತಾರೆ. ಜರ್ಮನಿಯ ಪಾಲ್ ಕ್ರೈಸ್ 1929ರಲ್ಲಿ ಕುದುರೆ-ಚೆಸ್ಟ್‌ನಟ್ ಮರದ ತೊಗಟೆಯ ಎಸ್ಕ್ಯುಲಿನ್‌ನಿಂದ ಈ ಗುಣವನ್ನು ಬಟ್ಟೆಯಲ್ಲಿ ತೋರಿಸಿದ್ದರು. ಅಂದರೆ ಅಂಗಿಗೆ ಹಳದಿ ಹತ್ತಿದ್ದು ಅರ್ಧ ಸತ್ಯ, ಅದರ ನೀಲಿ ಕುಂದಿದ್ದು ಇನ್ನರ್ಧ.

ಆದರೆ ಈ ಲಾಟಿನದೇ ಯಾಕೆ ಕುಂದಬೇಕು? ಹೊಸ ಅಂಗಿಗಳು ಮುಟ್ಟಿದರೆ ರೇಷ್ಮೆಯಷ್ಟು ನುಣುಪು, ಬೆರಳಿಗೆ ಜಿಡ್ಡಿನಂಥದ್ದೇನೋ ತಾಗುತ್ತಿತ್ತು. ಅನುಮಾನ ಬಟ್ಟೆ ಮೆತ್ತಗಾಗಲೆಂದು ಹಾಕುವ ಸಾಫ್ಟ್‌ನರ್ ಕಡೆ ತಿರುಗಿತು. ಒಂದು ಅಂಗಿಯನ್ನು ಎರಡು ಹೋಳು ಮಾಡಿ, ಒಂದನ್ನು ಬರೀ ಬಿಸಿನೀರಲ್ಲಿ ಚೆನ್ನಾಗಿ ತಿಕ್ಕಿ ಒಣಗಿಸಿದರು. ಡಿಟರ್ಜೆಂಟ್ ಹಾಕಬೇಡಿ ಎಂದವನು ನಾನು. ಬಹಳಷ್ಟು ಪುಡಿಗಳಲ್ಲಿ ಅದೇ ಬಿಳುಪಿನ ರಾಸಾಯನಿಕ ಇರುವುದರಿಂದ ಪರೀಕ್ಷೆಯೇ ಕೆಟ್ಟೀತು. ಒತ್ತಿದಾಗ ತೊಳೆದ ಹೋಳು ಹೆಚ್ಚುಕಡಿಮೆ ಬೆಳ್ಳಗೇ ಉಳಿಯಿತು, ತೊಳೆಯದ್ದು ಹಳದಿ. ಅಮೈನು ಇರುವ ಮೃದುಕಾರಕಗಳು ಕಾವಿಗೆ ಉತ್ಕರ್ಷಣಗೊಂಡು ಹಳದಿಯಾಗುವುದು ಬಟ್ಟೆ ಗಿರಣಿಯವರಿಗೆ ಹಳೇ ತಲೆನೋವು. ಒತ್ತುವ ಅಂಗಡಿಯವರ ತನಕ ಆ ಸುದ್ದಿ ಬಂದೇ ಇರಲಿಲ್ಲ, ಅಷ್ಟೇ.

ಇಡೀ ಮಾಲು ತೊಳೆಯುತ್ತ ಕೂರಲಾದೀತೇ? ಕಾವು ಇಳಿಸಿದರೆ ಆ ಪೇಪರು ಅಂಟುವುದಿಲ್ಲ. ಕೊನೆಗೆ ನಕ್ಷೆಯನ್ನು ಡಿಟಿಎಫ್ ಎಂಬ, ಕಡಿಮೆ ಕಾವಿಗೇ ಅಂಟುವ ಫಿಲ್ಮಿನಲ್ಲಿ ಹೊರಗಡೆ ಪ್ರಿಂಟ್ ಮಾಡಿಸಿ ತಂದರು. ಅದಕ್ಕೆ 150 ಡಿಗ್ರಿ, 15 ಸೆಕೆಂಡು ಸಾಕು. ಖರ್ಚು ಹೆಚ್ಚಾಯಿತು, ಆರ್ಡರ್ ಉಳಿಯಿತು.

ಭಾವನವರು ಹೋಲ್‌ಸೇಲಿನವರಿಗೆ ಫೋನ್ ಮಾಡಿ, ಇನ್ಮೇಲೆ ಸಾಫ್ಟ್‌ನರ್ ಹಾಕದ ಮಾಲು ಕಳಿಸಿ ಎಂದರು. "ಕಳಿಸ್ತೀವಿ ಸಾರ್, ಆಮೇಲೆ ಬಟ್ಟೆ ಒರಟು ಅಂತ ನೀವೇ ವಾಪಸ್ ಕಳಿಸ್ತೀರಿ" ಎಂದು ಆ ಕಡೆಯವರು ನಕ್ಕರಂತೆ. ಈಗ ಹೊಸ ಬಂಡಲ್ ಬಿಚ್ಚಿದರೆ, ಮೊದಲ ಅಂಗಿಯ ಕೆಳಗಂಚಿನ ಒಳಮಗ್ಗುಲನ್ನು ಖಾಲಿ ಪ್ರೆಸ್ಸಿಗೆ ಕೊಟ್ಟು ನೋಡಿದ ಮೇಲೆಯೇ ದುಡ್ಡು ಎಣಿಸುತ್ತಾರೆ.